ಧೂಳನ್ನು ಗಾಳಿಯಲ್ಲಿ ಊದಬೇಕೋ, ನೀರಲ್ಲಿ ಕದಡಬೇಕೋ?

ಧೂಳಿನ ಕಣ ಲೇಸರ್ ಬೆಳಕನ್ನು ಹೇಗೆ ಚದುರಿಸುತ್ತದೆ ಎಂದು ಅಳೆಯಲು ಮೈಸೂರಿನ ನಮ್ಮ ಲ್ಯಾಬಿನಲ್ಲಿ ಎರಡೂ ದಾರಿ ಹಿಡಿದು ನೋಡಿದೆ. ಧೂಳು ಒಂದೇ, ಮದ್ದೂರಿನ ಹತ್ತಿರ ರಸ್ತೆ ಬದಿಯಲ್ಲಿ ಗುಡಿಸಿ ತಂದು ಜರಡಿ ಹಿಡಿದದ್ದು. ಲೇಸರೂ ಒಂದೇ, 632.8 ನ್ಯಾನೋಮೀಟರಿನ ಕೆಂಪು ಹೀಲಿಯಂ-ನಿಯಾನ್. ಅಗ್ಗದ ಹಸಿರು ಪಾಯಿಂಟರ್ ಮಾತ್ರ ಬೇಡ. ಅದರಿಂದ ಕಣ್ಣಿಗೆ ಕಾಣದ 1064 ನ್ಯಾನೋಮೀಟರಿನ ಇನ್‌ಫ್ರಾರೆಡ್ ಸೋರುವುದುಂಟು, ಬೆಳಕು ಅಳೆಯುವ ಡಿಟೆಕ್ಟರಿನ ಫೋಟೋಡಯೋಡ್ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ನೀರಿನದು ಸುಖದ ಕೆಲಸ. ಗಾಜಿನ ಪಾತ್ರೆಗೆ ಚಿಟಿಕೆ ಧೂಳು ಹಾಕಿ ಕದಡಿದರೆ ಆಯಿತು. 10 ಮೈಕ್ರಾನಿನ ಕಣ ಒಂದು ಮಿಲಿಮೀಟರ್ ಇಳಿಯಲು ಹತ್ತು ಸೆಕೆಂಡಿಗೂ ಜಾಸ್ತಿ ಹಿಡಿಯುತ್ತದೆ. ಯಾವ ಕೋನಕ್ಕೆ ಎಷ್ಟು ಬೆಳಕು ಚದುರಿತು ಎಂದು ನೋಡಲು ಡಿಟೆಕ್ಟರನ್ನು ಪಾತ್ರೆಯ ಸುತ್ತ ನಿಧಾನವಾಗಿ ತಿರುಗಿಸುತ್ತಾ ಹೋಗಬಹುದು.

ಗಾಳಿಯಲ್ಲಿ ಅದೇ ಕಣ ಸೆಕೆಂಡಿಗೆ ಸುಮಾರು 8 ಮಿಲಿಮೀಟರ್ ಬೀಳುತ್ತದೆ. ಪಂಪಿನಿಂದ ಊದುತ್ತಲೇ ಇರಬೇಕು. ಒಮ್ಮೆ ದಟ್ಟ, ಒಮ್ಮೆ ತೆಳು. ಮೊದಲ ದಿನದ ಗ್ರಾಫ್ ಗರಗಸದ ಹಲ್ಲು! ಲೆನ್ಸ್ ಮೇಲೂ ಧೂಳು, ನನಗೂ ಸೀನು. ಕೊನೆಗೆ ಒಂದೇ ಕೋನದಲ್ಲಿ ಕದಲದ ಇನ್ನೊಂದು ಡಿಟೆಕ್ಟರ್ ಕೂರಿಸಿ, ಪ್ರತಿ ಅಳತೆಯನ್ನೂ ಅದರ ಅಳತೆಯಿಂದ ಭಾಗಿಸಿದೆ. ಗೆರೆ ಹದಕ್ಕೆ ಬಂತು.

ಇಷ್ಟೆಲ್ಲ ಕಾಟ ಕೊಟ್ಟರೂ ನನ್ನ ಓಟು ಗಾಳಿಗೇ. ಲೇಸರ್ ಬೆಳಕು ಮೇಲೆ-ಕೆಳಗೆ ಕಂಪಿಸುವಂತೆ ಇಟ್ಟಿದ್ದೆ, ಡಿಟೆಕ್ಟರ್ ಮೇಜಿನ ಮಟ್ಟದಲ್ಲೇ ಸುತ್ತುತ್ತದೆ. ಗುಂಡಗಿನ ಕಣವಾದರೆ ಕಂಪನದ ದಿಕ್ಕು ಬದಲಾಗದು, ಡಿಟೆಕ್ಟರಿನ ಮುಂದಿನ ಪೋಲರೈಸರನ್ನು, ಅಂದರೆ ಒಂದೇ ದಿಕ್ಕಿನ ಕಂಪನವನ್ನು ಒಳಬಿಡುವ ಫಿಲ್ಟರನ್ನು, ಅಡ್ಡ ತಿರುಗಿಸಿದರೆ ಕತ್ತಲೆ. ಅಡ್ಡ ಇಟ್ಟಾಗಲೂ ಬೆಳಕು ಬಂದರೆ ಕಣ ಅಂಕುಡೊಂಕು ಎಂದರ್ಥ. 2006ರಲ್ಲಿ ಹಾರಿಸಿದ ಕ್ಯಾಲಿಪ್ಸೋ ಉಪಗ್ರಹ ಮೇಲಿನಿಂದ ಧೂಳನ್ನು ಗುರುತಿಸಿದ್ದೂ ಇಂಥದೇ ಉಪಾಯದಿಂದ, 532ರ ಹಸಿರು ಬೆಳಕಲ್ಲಿ. ನೀರಿನಲ್ಲಿ ಈ ಅಡ್ಡ ಬೆಳಕೇ ಸೊರಗುತ್ತದೆ. ಮಣ್ಣಿನ ಧೂಳಿನ ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಂಕಿ) ಸುಮಾರು 1.5, ನೀರಿನದು 1.33, ಗಾಳಿಯದು 1. ಕಣದ ಅಂಕಿ ಸುತ್ತಲಿನದಕ್ಕೆ ಹತ್ತಿರವಾದಷ್ಟೂ ಬೆಳಕು ಚದುರುವುದು ಕಮ್ಮಿ. ನೀರಲ್ಲಿ ಮುಳುಗಿದ ಕಣ ಬೆಳಕಿನ ಪಾಲಿಗೆ ಅರ್ಧ ಮಾಯ! ಧೂಳು ಜಾಸ್ತಿ ಹಾಕಿದರೆ ಅಡ್ಡ ಬೆಳಕು ಏರುತ್ತದೆ, ನಿಜ. ಆದರೆ ಅದು ಮೋಸ. ಬೆಳಕು ಕಣದಿಂದ ಕಣಕ್ಕೆ ಹಾರಿ ದಿಕ್ಕು ಕೆಡಿಸಿಕೊಂಡಿರುತ್ತದೆ ಅಷ್ಟೇ. ನಾನೂ ಒಂದು ವಾರ ಇದಕ್ಕೆ ಬಿದ್ದಿದ್ದೆ.

ಹೊಸಬರಿಗೆ ಕೋನ ತಿರುಗಿಸುವುದನ್ನು ಕಲಿಸಲು ನೀರು ಸಾಕು. ಹಾರುವ ಧೂಳಿನ ಲೆಕ್ಕ ಬೇಕಿದ್ದರೆ ಊದಲೇಬೇಕು. ಊದುವ ಮೊದಲು ಒಂದು ಊದುಬತ್ತಿ ಹಚ್ಚಿ ನೋಡಿ. ಅದರ ಹೊಗೆಯ ಕಣ ತೀರ ಸಣ್ಣ, ಹೆಚ್ಚುಕಮ್ಮಿ ಗುಂಡಗೆ. ಪೋಲರೈಸರ್ ಸರಿಯಾಗಿ ಕೂತಿದ್ದರೆ ಅಡ್ಡ ಬೆಳಕು ಬಹುತೇಕ ಸೊನ್ನೆ. ನಾನು ಹಚ್ಚಿದ್ದು ಮಲ್ಲಿಗೆಯದು. ಪಕ್ಕದ ರೂಮಿನವರು ಬಂದು, ಇವತ್ತೇನು ಪೂಜೆ ಸಾರ್ ಎಂದು ಕೇಳಿದರು.