ಎಕ್ಸೆಲ್: ಲೆಕ್ಕ ನಂಬಬಹುದು, ಒಳಬಂದ ಅಂಕಿಯನ್ನಲ್ಲ

ಕೂಡಿ ಕಳೆಯಲು, ಪಟ್ಟಿಯನ್ನು ವಿಂಗಡಿಸಲು ಮೈಕ್ರೋಸಾಫ್ಟ್ ಎಕ್ಸೆಲ್‌ನಷ್ಟು ಕೈಗೆ ಒಗ್ಗುವ ತಂತ್ರಾಂಶ ಅಪರೂಪ. ಆದರೆ ಬೇರೆ ಕಡೆಯಿಂದ ಬಂದ ಮಾಹಿತಿಯನ್ನು ಇದು ಕೇಳದೆಯೇ ತಿದ್ದಿಬಿಡುತ್ತದೆ. ಸಿಟ್ಟು ಬರುವುದು ಅಲ್ಲೇ.

ಒಂದು ಸಂಖ್ಯೆಯಲ್ಲಿ ಎಕ್ಸೆಲ್ ಉಳಿಸಿಕೊಳ್ಳುವುದು 15 ಅಂಕಿ ಮಾತ್ರ. 16 ಅಂಕಿಯ ಕಾರ್ಡ್ ನಂಬರ್ ಹೊಡೆದು ಎಂಟರ್ ಒತ್ತಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ. 00457 ಎಂಬ ಕೋಡ್ ಬರೀ 457 ಆಗುತ್ತದೆ. ಆಮೇಲೆ ಫಾರ್ಮ್ಯಾಟನ್ನು ‘ಟೆಕ್ಸ್ಟ್’ ಮಾಡಿದರೂ ಹೋದ ಅಂಕಿ ವಾಪಸ್ ಬರುವುದಿಲ್ಲ. ಟೈಪ್ ಮಾಡುವ ಮೊದಲೇ ಇಡೀ ಕಾಲಂ ಅನ್ನು ಟೆಕ್ಸ್ಟ್‌ಗೆ ಬದಲಿಸಿಕೊಳ್ಳಬೇಕು.

ದಿನಾಂಕದ ಕಾಟ ಇನ್ನೂ ಕೆಟ್ಟದ್ದು. ‘ಮಾರ್ಚ್1’, ‘ಸೆಪ್ಟ್2’ ಎಂಬ ಹೆಸರಿನ ಮಾನವ ಜೀನ್‌ಗಳು ದಿನಾಂಕಗಳಾಗಿ ಸಂಶೋಧಕರ ಪಟ್ಟಿಗಳೇ ಹಾಳಾದವು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಆ ಹೆಸರುಗಳನ್ನು ಬದಲಿಸಿತು. ತಂತ್ರಾಂಶದ ತಪ್ಪಿಗೆ ವಿಜ್ಞಾನ ತಲೆಬಾಗಬೇಕಾಯಿತು. ಇದನ್ನು ನಿಲ್ಲಿಸುವ ಆಯ್ಕೆ ಎಲ್ಲರಿಗೂ ಬಂದದ್ದು 2023ರಲ್ಲಿ: ‘ಫೈಲ್’, ‘ಆಪ್ಷನ್ಸ್’, ‘ಡೇಟಾ’ಗೆ ಹೋಗಿ ‘ಆಟೊಮ್ಯಾಟಿಕ್ ಡೇಟಾ ಕನ್ವರ್ಶನ್’ ಕೆಳಗಿನ ಗುರುತುಗಳನ್ನು ತೆಗೆಯಿರಿ. ಆದರೂ ಅಕ್ಷರ ಮತ್ತು ಅಂಕಿಯ ನಡುವೆ ಜಾಗವೋ ಅಡ್ಡಗೆರೆಯೋ ಇದ್ದರೆ ಅದು ದಿನಾಂಕವಾಗುವ ಸಾಧ್ಯತೆ ಉಳಿದೇ ಇದೆ.

ಹಾಗಾಗಿ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರೀ ಪಠ್ಯದ) ಕಡತವನ್ನು ಡಬಲ್ ಕ್ಲಿಕ್ ಮಾಡಿ ತೆರೆಯಲೇಬೇಡಿ. ‘ಡೇಟಾ’ ಟ್ಯಾಬ್‌ನಲ್ಲಿ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಒತ್ತಿ, ಡೇಟಾ ಟೈಪ್ ಪತ್ತೆ ಮಾಡಬೇಡ ಎಂಬ ಆಯ್ಕೆ ಕೊಟ್ಟು ಲೋಡ್ ಮಾಡಿ. ಎಲ್ಲವೂ ಟೆಕ್ಸ್ಟ್ ಆಗಿ, ಇದ್ದ ಹಾಗೇ ಬರುತ್ತದೆ. ಕೂಡಬೇಕಾದ ಕಾಲಂಗಳನ್ನಷ್ಟೇ ಆಮೇಲೆ ಸಂಖ್ಯೆಗೆ ಬದಲಿಸಿಕೊಳ್ಳಿ. ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ದಶಮಾಂಶದ ವಿಷಯ ಬೇರೆ. =1*(0.5-0.4-0.1) ಎಂದರೆ ಸೊನ್ನೆಯ ಬದಲು ಅತಿ ಸಣ್ಣ ಋಣಸಂಖ್ಯೆ ಬರುತ್ತದೆ. ಇದು 0 ಮತ್ತು 1ರಲ್ಲೇ ಎಲ್ಲವನ್ನೂ ಬರೆಯುವ ಕಂಪ್ಯೂಟರಿನ ದ್ವಿಮಾನ ಪದ್ಧತಿಯ ಮಿತಿ, ಎಕ್ಸೆಲ್ ಒಂದನ್ನೇ ದೂರಲಾಗದು. ಎರಡು ಮೊತ್ತ ಸಮವೇ ಎಂದು ನೋಡುವಾಗ ‘ರೌಂಡ್’ ಸೂತ್ರ ಬಳಸಿದರೆ ಸಾಕು.

ಎಕ್ಸೆಲ್‌ನ ಹಳೆಯ ‘ಎಕ್ಸ್‌ಎಲ್‌ಎಸ್’ ಕಡತ ಮಾದರಿಯನ್ನು ಮಾತ್ರ ಪೂರ್ತಿ ಕೈಬಿಡಿ. ಅದರಲ್ಲಿ ಹಿಡಿಯುವುದು 65,536 ಸಾಲು; ಈಗಿನ ‘ಎಕ್ಸ್‌ಎಲ್‌ಎಸ್‌ಎಕ್ಸ್’ನಲ್ಲಿ 10,48,576. 2020ರಲ್ಲಿ ಇಂಗ್ಲೆಂಡಿನ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋಗಿ, ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದು ತಡವಾಯಿತು. ಹಳೆಯ ಮಾದರಿಯ ಈ ಮಿತಿಯೇ ಅದಕ್ಕೆ ಕಾರಣವೆಂದು ವರದಿಯಾಗಿತ್ತು. ಯಾವುದೇ ಕಡತ ಲೋಡ್ ಆದ ಕೂಡಲೇ ಕಂಟ್ರೋಲ್ ಜೊತೆ ಎಂಡ್ ಒತ್ತಿ, ಕೊನೆಯ ಸಾಲಿನ ಸಂಖ್ಯೆ ಮೂಲ ಕಡತದ ಸಾಲುಗಳಿಗೆ ತಾಳೆಯಾಗುತ್ತದೆಯೇ ನೋಡಿ.