ಸರ್ಕಾರಿ ಕಚೇರಿಯಲ್ಲಿ ಎಂಟು ವಾರದ ಇಂಟರ್ನ್‌ಶಿಪ್: ಕೆಲಸಕ್ಕೆ ಮೂರು ಸ್ಟಾರ್, ಜಾಗಕ್ಕೆ ಐದು

ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಕೊಡುವುದಿಲ್ಲ. ಎಂಟು ವಾರ ದುಡಿದರೆ ಕೈಗೆ ಬರುವುದು ಒಂದು ಹಾಳೆ ಸರ್ಟಿಫಿಕೇಟ್, ಅದೂ ತಡವಾಗಿ. ಅದಕ್ಕೇ ನಮ್ಮ ಸೀನಿಯರ್‌ಗಳು ಯಾರೂ ಆ ಕಡೆ ತಲೆ ಹಾಕಿರಲಿಲ್ಲ. ನಾನು ಹೋಗಿದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಬಿ.ಎ. ರಾಜ್ಯಶಾಸ್ತ್ರ, ಹಾಸನ ಜಿಲ್ಲೆಯ ಸಣ್ಣ ಊರಿನ ಕಾಲೇಜು, ಇಂಟರ್ನ್‌ಶಿಪ್ ಕಡ್ಡಾಯ, ಕಂಪನಿಯವರು ನನ್ನನ್ನು ಯಾಕೆ ತಗೊಳ್ಳುತ್ತಾರೆ ಹೇಳಿ. ಮೇಷ್ಟ್ರೊಬ್ಬರು ಪತ್ರ ಬರೆದುಕೊಟ್ಟರು, ಬ್ಯಾಗ್ ತಗೊಂಡು ಬೆಂಗಳೂರಿಗೆ ಹೊರಟೆ. ಇಲಾಖೆ ಯಾವುದು ಅಂತ ಹೇಳುವುದಿಲ್ಲ, ವಿಧಾನಸೌಧದಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಕಟ್ಟಡ ಅಂದುಕೊಳ್ಳಿ. ಈಗ ಜೂನಿಯರ್‌ಗಳು ಹೋಗಬೇಕಾ ಬೇಡವಾ ಅಂತ ಕೇಳುತ್ತಿದ್ದಾರೆ, ಒಬ್ಬೊಬ್ಬರಿಗೂ ಅದನ್ನೇ ಹೇಳಿ ಸಾಕಾಗಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲ ಹತ್ತು ದಿನಕ್ಕೆ ಒಂದೇ ಸ್ಟಾರ್. ನಾನು ಬರುತ್ತೇನೆ ಅಂತ ಪತ್ರ ಮೊದಲೇ ಹೋಗಿತ್ತು, ಆದರೆ ಆ ಪತ್ರ ಯಾವ ಶಾಖೆಯಲ್ಲಿ ಕೂತಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಗುರುತಿನ ಚೀಟಿ ಇಲ್ಲದ್ದರಿಂದ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಪಾಸಿಗೆ ನಿಲ್ಲಬೇಕು, ಒಳಗಿಂದ ಯಾರಾದರೂ ಫೋನ್ ಎತ್ತಿ "ಹೂಂ, ನಮ್ಮ ಹುಡುಗಿನೇ, ಬಿಡಿ" ಅನ್ನಬೇಕು, ಅವರು ಬರುವುದು ಹತ್ತೂವರೆಗೆ, ನಾನು ಬರುವುದು ಒಂಬತ್ತೂ ಮುಕ್ಕಾಲಿಗೆ. ಒಳಗೆ ಹೋದರೆ ಕುರ್ಚಿ ಇಲ್ಲ. ರಜೆ ಹಾಕಿದವರ ಕುರ್ಚಿಯಲ್ಲಿ ಕೂರುವುದು, ಅವರು ಬಂದ ದಿನ ಏಳುವುದು. ಕೊನೆಗೆ ನನಗೊಂದು ಮೇಜು ಹುಡುಕಿಕೊಟ್ಟವರು ಅಲ್ಲಿನ ದಲಾಯತ್, ಅಂದರೆ ಕಚೇರಿಯ ಜವಾನರು. ಹಳೆಯ ಪ್ರಿಂಟರ್ ಇಟ್ಟಿದ್ದ ಮೇಜನ್ನು ಖಾಲಿ ಮಾಡಿಸಿ, ಧೂಳು ಒರೆಸಿ, "ಕೂತ್ಕೊಳಮ್ಮ, ಯಾರಾದ್ರೂ ಕೇಳಿದ್ರೆ ನಾನ್ ಹೇಳ್ತೀನಿ" ಅಂದರು. ಯಾರೂ ಕೇಳಲಿಲ್ಲ. ಅವರ ಮಾತಿಗೆ ಅಲ್ಲಿ ಅಷ್ಟು ಬೆಲೆ ಇತ್ತು ಅಂತ ನನಗೆ ಆಮೇಲೆ ಗೊತ್ತಾಯಿತು. ಹೋದ ಕೂಡಲೇ ದಲಾಯತ್‌ಗೆ ನಮಸ್ಕಾರ ಹೇಳಿ, ಅಧಿಕಾರಿಗಳಿಗೆ ಆಮೇಲೆ.

ಕೆಲಸ ಅಂದರೆ ಮನವಿಗಳನ್ನು ಓದುವುದು. ಜನ ಕಳಿಸಿದ ಅರ್ಜಿಗಳು, ಕೆಲವು ಟೈಪ್ ಮಾಡಿದ್ದು, ಜಾಸ್ತಿ ಕೈಬರಹ. ಯಾವ ಜಿಲ್ಲೆ, ಯಾವ ತಾಲ್ಲೂಕು, ಏನು ಕೇಳಿದ್ದಾರೆ, ಯಾವತ್ತು ಬಂತು ಅಂತ ಎಕ್ಸೆಲ್‌ನಲ್ಲಿ ತುಂಬಿಸಬೇಕು. ಮೂರನೇ ದಿನಕ್ಕೇ ಬೋರಾಯಿತು. ಅಷ್ಟರಲ್ಲಿ ಒಂದು ಮನವಿ ಬಂತು, ಒಂದೇ ಪತ್ರದಲ್ಲಿ ಊರಿನ ರಸ್ತೆ, ಅಂಗನವಾಡಿಯ ಸೋರುವ ಸೂರು, ತನ್ನ ವಿಧವಾ ವೇತನ, ಮೂರನ್ನೂ ಕೇಳಿದ್ದ ಪತ್ರ. ವಿಷಯ ನಿರ್ವಾಹಕಿ, ಅಂದರೆ ಆ ವಿಷಯದ ಕಡತ ನೋಡಿಕೊಳ್ಳುವ ಮೇಡಂ, ಅದನ್ನು ನೋಡಿ ಹಣೆ ಚಚ್ಚಿಕೊಂಡರು. "ನೋಡಮ್ಮ, ಇದು ಮೂರು ಇಲಾಖೆಗೆ ಹೋಗ್ಬೇಕು, ಇರೋದು ಒಂದು ಪತ್ರ. ಮೊದಲು ಯಾರ ಕೈಗೆ ಸಿಗತ್ತೋ ಅವರು ತಮ್ಮದಷ್ಟು ನೋಡಿ ಮಿಕ್ಕಿದ್ದು ನಮಗೆ ಸಂಬಂಧಿಸಿಲ್ಲ ಅಂತ ಬರೀತಾರೆ. ಇನ್ನೆರಡು ಅಲ್ಲೇ ಸತ್ತ ಹಾಗೆ." ಆ ಮೇಡಂ ಒಳ್ಳೆಯವರು, ಮೂರು ಪ್ರತಿ ಮಾಡಿಸಿ ಮೂರು ಕಡೆ ಕಳಿಸಿದರು. ಎಲ್ಲರೂ ಹಾಗೆ ಮಾಡುತ್ತಾರಾ? ಅದಕ್ಕೇ ಮನವಿ ಬರೆಯುವಾಗ ಒಂದು ಪತ್ರಕ್ಕೆ ಒಂದೇ ಬೇಡಿಕೆ, ಮೇಲೆ ವಿಷಯ ಅಂತ ಒಂದು ಸಾಲು, ಹಿಂದೆ ಕೊಟ್ಟ ಮನವಿ ಇದ್ದರೆ ಅದರ ತಾರೀಖು, ಕೆಳಗೆ ಫೋನ್ ನಂಬರ್. ಮೂರು ವರ್ಷ ರಾಜ್ಯಶಾಸ್ತ್ರ ಓದಿದರೂ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ, ಜಮೀನಿನ ಪೋಡಿಗೆ (ಅಳತೆ ಮಾಡಿಸಿ ಪಾಲು ಬೇರೆ ಮಾಡಿಸುವುದಕ್ಕೆ) ಕೊಟ್ಟ ಅರ್ಜಿಯಲ್ಲಿ ಏನೇನು ಬರೆದಿದ್ದೀರಿ ಓದಿ ಅಂದೆ. ಪೋಡಿ, ಪಕ್ಕದವರ ಬೇಲಿ ಜಗಳ, ಕೆರೆ ಒತ್ತುವರಿ, ಎಲ್ಲಾ ಒಂದರಲ್ಲೇ ಇತ್ತು.

ಆಮೇಲೆ ಕಡತ ಓದಲು ಬಿಟ್ಟರು, ಅಲ್ಲಿಂದ ನನ್ನ ಸ್ಟಾರ್ ಏರುತ್ತಾ ಹೋಯಿತು. ವಿಷಯ ನಿರ್ವಾಹಕರು ಟಿಪ್ಪಣಿ ಬರೆದು ಮಂಡಿಸುತ್ತಾರೆ, ಅದು ಶಾಖಾಧಿಕಾರಿಗೆ, ಅಲ್ಲಿಂದ ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಕಾರ್ಯದರ್ಶಿ ಅಂತ ಹತ್ತುತ್ತದೆ, ಹಾಗೇ ಇಳಿಯುತ್ತದೆ. ಈಗ ಇ-ಆಫೀಸ್ ಬಂದಿದೆ, ಕಡತ ಕಂಪ್ಯೂಟರಿನಲ್ಲೇ ಓಡಾಡುತ್ತದೆ, ಆದರೆ ಮೆಟ್ಟಿಲು ಅವೇ. ದುಡ್ಡಿನ ವಿಷಯ ಇದ್ದರೆ ಆರ್ಥಿಕ ಇಲಾಖೆ ಒಪ್ಪಬೇಕು. ಅವರು ಒಪ್ಪಿಗೆ ಕೊಡುವ ಕಾಗದದ ಹೆಸರೇನು ಗೊತ್ತಾ? ಅನಧಿಕೃತ ಟಿಪ್ಪಣಿ! ಇಡೀ ಕಡತದಲ್ಲಿ ಅದಕ್ಕಿಂತ ಅಧಿಕೃತವಾದ ಹಾಳೆ ಇನ್ನೊಂದಿರುವುದಿಲ್ಲ, ಅದರ ಹೆಸರು ಅನಧಿಕೃತ. ಇನ್ನೊಂದು ಪದ ಇದೆ, "ಚರ್ಚಿಸಿ". ಮೇಲಿನವರು ಕಡತದ ಮೇಲೆ ಇಷ್ಟೇ ಬರೆದು ವಾಪಸ್ ಕಳಿಸುತ್ತಾರೆ. ಒಪ್ಪಿಗೆ ಅಂತಲೂ ಅಲ್ಲ, ಬೇಡ ಅಂತಲೂ ಅಲ್ಲ, ಬಂದು ನನ್ನ ಜೊತೆ ಮಾತಾಡಿ ಅಂತ. ಆ ಮಾತುಕತೆಗೆ ಸಾಹೇಬರು ಸಿಗುವತನಕ ಕಡತ ಮಲಗಿರುತ್ತದೆ.

ಸರ್ಕಾರಿ ಆದೇಶ ಓದುವುದಂತೂ ನನಗೆ ಚಟವೇ ಆಯಿತು. ಮೇಲೆ "ಕರ್ನಾಟಕ ಸರ್ಕಾರದ ನಡವಳಿಗಳು", ಆಮೇಲೆ "ಓದಲಾಗಿದೆ" ಅಂತ ಹಿಂದಿನ ಪತ್ರಗಳ ಪಟ್ಟಿ, ಆಮೇಲೆ ಪ್ರಸ್ತಾವನೆ, ಕೊನೆಗೆ ಆದೇಶ, ಕೆಳಗೆ "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ". ಸಂವಿಧಾನದ 166ನೇ ವಿಧಿ ಅಂತ ಪರೀಕ್ಷೆಗೆ ಉರು ಹೊಡೆದಿದ್ದೆ, ಸರ್ಕಾರದ ಕ್ರಮಗಳೆಲ್ಲ ರಾಜ್ಯಪಾಲರ ಹೆಸರಿನಲ್ಲಿ ನಡೆಯಬೇಕು ಅಂತ. ಅದು ಹೀಗೆ ಯಾವುದೋ ಹಾಸ್ಟೆಲ್‌ನ ಅಡುಗೆಯವರ ಹುದ್ದೆಯ ಆದೇಶದ ಕೆಳಗೂ ಕೂತಿರುತ್ತದೆ ಅಂತ ಅಂದುಕೊಂಡಿರಲಿಲ್ಲ. ಕಂಪನಿಗೆ ಹೋಗಿದ್ದರೆ ಇಂಗ್ಲಿಷ್‌ನಲ್ಲಿ ತಡವರಿಸುತ್ತಾ ಕೂರಬೇಕಿತ್ತು, ಇಲ್ಲಿ ಕನ್ನಡ ಮಾಧ್ಯಮದವಳು ಅನ್ನುವುದೇ ನನಗೆ ಅನುಕೂಲವಾಯಿತು. ಕೊನೆ ವಾರಗಳಲ್ಲಿ ಮೇಡಂ ಕರಡು ಟಿಪ್ಪಣಿಗಳನ್ನು ನನ್ನ ಕೈಲೇ ಬರೆಸಿ ಕೆಂಪು ಪೆನ್ನಲ್ಲಿ ತಿದ್ದುತ್ತಿದ್ದರು.

ಇನ್ನು ಜಾಗದ ವಿಷಯ, ಐದು ಸ್ಟಾರ್ ಕೊಟ್ಟಿದ್ದು ಇದಕ್ಕೆ. ಸಂಜೆ ಐದೂವರೆಗೆ ಕಚೇರಿ ಮುಗಿಯುತ್ತದೆ, ಅಂದರೆ ನಿಜವಾಗಲೂ ಮುಗಿಯುತ್ತದೆ. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಕಂಪನಿಗೆ ಹೋದ ನನ್ನ ಗೆಳತಿ ರಾತ್ರಿ ಎಂಟಕ್ಕೆ ಮೆಸೇಜ್ ಮಾಡಿ ಇನ್ನೂ ಆಫೀಸಲ್ಲೇ ಇದ್ದೀನಿ ಅನ್ನುವಾಗ ನಾನು ಕಬ್ಬನ್ ಪಾರ್ಕ್ ಒಂದು ಸುತ್ತು ಮುಗಿಸಿ ಬಂದಿರುತ್ತಿದ್ದೆ. ವಿಧಾನಸೌಧ 1956ರದ್ದು, ಅದರ ಎದುರಿನ ಕೆಂಪು ಕಟ್ಟಡ, ಈಗಿನ ಹೈಕೋರ್ಟು, 1868ರದ್ದು. ಅದಕ್ಕೆ ಅಠಾರ ಕಚೇರಿ ಅನ್ನುತ್ತಾರೆ, ಅಂದರೆ ಹದಿನೆಂಟು ಕಚೇರಿ. ಆಗ ಮೈಸೂರು ಸರ್ಕಾರದ ಹದಿನೆಂಟು ಇಲಾಖೆಗಳು ಆ ಒಂದೇ ಕಟ್ಟಡದಲ್ಲಿದ್ದವಂತೆ. ಈಗ ವಿಧಾನಸೌಧ, ಪಕ್ಕದಲ್ಲಿ 2005ರ ವಿಕಾಸಸೌಧ, ಆಚೆ ಬಹುಮಹಡಿ ಕಟ್ಟಡ, ಇಷ್ಟಿದ್ದರೂ ನನಗೊಂದು ಕುರ್ಚಿ ಇರಲಿಲ್ಲ ನೋಡಿ. ವಿಧಾನಸೌಧದ ಮುಂಭಾಗದಲ್ಲಿ "ಸರ್ಕಾರದ ಕೆಲಸ ದೇವರ ಕೆಲಸ" ಅಂತ ಕೆತ್ತಿದ್ದಾರಲ್ಲ, ಅದನ್ನು ತೋರಿಸಿ ನನ್ನ ಗುರುತಿನ ಚೀಟಿ ಯಾವಾಗ ಬರುತ್ತದೆ ಅಂತ ದಲಾಯತ್ ಅಣ್ಣನನ್ನು ಕೇಳಿದ್ದಕ್ಕೆ, "ದೇವರ ಕೆಲಸ ಅಲ್ವಾ, ಅವಸರ ಮಾಡಬಾರದು" ಅಂದರು.

ಪಾರ್ಕಿನೊಳಗಿನ ಕೆಂಪು ಗ್ರಂಥಾಲಯಕ್ಕೆ ಹೋಗಲೇಬೇಕು. ರಾಜ್ಯ ಕೇಂದ್ರ ಗ್ರಂಥಾಲಯ, 1915ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ನೆನಪಿಗೆ ಕಟ್ಟಿದ ಕಟ್ಟಡ. ಒಳಗೆ ಕೂತು ಓದಲು ದುಡ್ಡು ಬೇಡ. ಪೇಪರ್ ಓದುವ ಅಜ್ಜಂದಿರು, ಕೆಎಎಸ್‌ಗೆ ಓದುವ ಹುಡುಗರು, ನಡುವೆ ನಾನು. ಎಷ್ಟೋ ಸಂಜೆ ಸುಮ್ನೆ ಕೂತು ಬಂದಿದ್ದೇನೆ.

ಆದರೆ ಇಡೀ ಎರಡು ತಿಂಗಳಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನ ಒಂದು ಕಲ್ಲು. ಆತಕೂರು ಶಾಸನ, ಹತ್ತನೇ ಶತಮಾನದ ನಡುವಿನದು, ಮಂಡ್ಯ ಕಡೆಯ ಆತಕೂರಿನಲ್ಲಿ ಸಿಕ್ಕಿದ್ದು. ಗಂಗರ ದೊರೆ ಬೂತುಗ ತನ್ನ ಬಂಟ ಮಣಲೇರನ ಶೌರ್ಯಕ್ಕೆ ಮೆಚ್ಚಿ ಏನು ಬೇಕು ಕೇಳು ಅಂದನಂತೆ. ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ, ದೊರೆಯ ನಾಯಿ ಕಾಳಿಯನ್ನು ಕೇಳಿದ. ಆ ಕಾಳಿ ಆಮೇಲೆ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ನಾಯಿಗೆ ಕಲ್ಲು ನೆಟ್ಟರು, ಪೂಜೆಗೆ ಏರ್ಪಾಡು ಮಾಡಿದರು. ಕಲ್ಲಿನ ಮೇಲೆ ನಾಯಿ ಹಂದಿ ಕಾದಾಡುವ ಚಿತ್ರವೂ ಇದೆ. ಅಲ್ಲಿ ನಿಂತು ನನಗೆ ನಗು ಬಂತು, ಯಾಕೆಂದರೆ ಅದು ಥೇಟ್ ನಮ್ಮ ಕಚೇರಿಯ ಆದೇಶದ ಹಾಗೇ ಇದೆ. ಯಾವ ದೊರೆಯ ಕಾಲ, ಹಿನ್ನೆಲೆ ಏನು, ಯಾರಿಗೆ ಏನು ಮಂಜೂರಾಯಿತು. "ಓದಲಾಗಿದೆ" ಒಂದು ಇಲ್ಲ ಅಷ್ಟೇ. ಹೋಗುವ ಮುಂಚೆ ತೆರೆದಿದೆಯಾ ಅಂತ ಕೇಳಿಕೊಂಡು ಹೋಗಿ.

ಖರ್ಚು ಕೇಳುತ್ತೀರಲ್ಲ. ನಾನಿದ್ದಿದ್ದು ವಿಜಯನಗರದ ಒಂದು ಪಿಜಿಯಲ್ಲಿ, ತಿಂಗಳಿಗೆ ಎಂಟು ಸಾವಿರ. ಪಿಜಿ ಬಗ್ಗೆ ಬರೆದರೆ ಅದೇ ಬೇರೆ ರಿವ್ಯೂ ಆಗುತ್ತದೆ, ಸಾರಿನಲ್ಲಿ ಬೇಳೆ ಹುಡುಕಿ ಸಾಕಾಯಿತು ಅಂತಷ್ಟೇ ಹೇಳುತ್ತೇನೆ. ವಿಜಯನಗರದಿಂದ ನೇರಳೆ ಮಾರ್ಗದ ಮೆಟ್ರೋದಲ್ಲಿ ವಿಧಾನಸೌಧ ಆರನೇ ಸ್ಟೇಷನ್, ಎಲ್ಲೂ ಬದಲಾಯಿಸಬೇಕಿಲ್ಲ, ಬೆಳಿಗ್ಗೆಯ ಟ್ರಾಫಿಕ್ಕಿಗೆ ಸಿಗದೆ ಹೋಗಬಹುದು. ಆದರೆ 2025ರ ಫೆಬ್ರವರಿಯಲ್ಲಿ ದರ ಏರಿ ಗರಿಷ್ಠ 90 ರೂಪಾಯಿ ಆಗಿದೆ, ಸ್ಟೈಪೆಂಡ್ ಇಲ್ಲದವರಿಗೆ ದಿನಾ ಎರಡು ಸಲ ಕಷ್ಟ. ನಾನು ಬೆಳಿಗ್ಗೆ ಮೆಟ್ರೋ, ಸಂಜೆ ಬಸ್ಸು ಅಂತ ಮಾಡಿಕೊಂಡಿದ್ದೆ. ಬಸ್ಸು ಯಾಕೆ ಅಂದರೆ ಶಕ್ತಿ ಯೋಜನೆ. 2023ರ ಜೂನ್‌ನಿಂದ ಹೆಂಗಸರಿಗೆ ಫ್ರೀ, ಆಧಾರ್ ತೋರಿಸಿದರೆ ಕಂಡಕ್ಟರ್ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಡುತ್ತಾರೆ. ಎಸಿ ಇರುವ ವಜ್ರ ಬಸ್ಸಿಗೆ ಇದು ನಡೆಯುವುದಿಲ್ಲ, ಗೊತ್ತಿಲ್ಲದೆ ಹತ್ತಿ ಒಂದು ದಿನ ಪೆಚ್ಚಾಗಿದ್ದೇನೆ. ನಾನು ಬೆಂಗಳೂರು ನೋಡಿದ್ದೇ ಈ ಸೊನ್ನೆ ಟಿಕೆಟ್‌ನಲ್ಲಿ. ಭಾನುವಾರ ಮೆಜೆಸ್ಟಿಕ್‌ಗೆ ಹೋಗಿ ಯಾವುದಾದರೂ ಬಸ್ಸಿನ ಬೋರ್ಡು ಓದಿ ಹತ್ತಿ ಕೂರುವುದು, ಕೊನೆ ಸ್ಟಾಪ್ ತನಕ ಕಿಟಕಿ ನೋಡುವುದು, ಅದರಲ್ಲೇ ವಾಪಸ್ ಬರುವುದು. ಹುಡುಗರಿಗೆ ಈ ಭಾಗ್ಯ ಇಲ್ಲ, ಅವರು ದಿನದ ಪಾಸ್ ತಗೊಳ್ಳಬೇಕು.

ಊಟಕ್ಕೆ ಇಂದಿರಾ ಕ್ಯಾಂಟೀನ್ ಇದೆ, ತಿಂಡಿಗೆ 5, ಊಟಕ್ಕೆ 10 ರೂಪಾಯಿ. ನಮ್ಮ ಕಚೇರಿಯ ಕ್ಯಾಂಟೀನ್‌ನಲ್ಲಿ ಕಾಫಿ ಚೆನ್ನಾಗಿರುತ್ತಿತ್ತು, ಚಿತ್ರಾನ್ನ ಬೇಡ. ತಿಂಗಳ ಮೊದಲ ವಾರ ಮಾತ್ರ ಬಸವನಗುಡಿಯ ವಿದ್ಯಾರ್ಥಿ ಭವನದ ಬೆಣ್ಣೆ ಹಚ್ಚಿದ ದೋಸೆ. 1943ರಿಂದ ಇರುವ ಹೋಟೆಲು, ಕ್ಯೂ ನಿಲ್ಲಬೇಕು, ಮಾಣಿ ಒಂದು ಕೈಯಲ್ಲೇ ಅಷ್ಟೊಂದು ತಟ್ಟೆ ಜೋಡಿಸಿಕೊಂಡು ಬರುವುದನ್ನು ನೋಡುತ್ತಾ ಕೂತರೆ ಕಾದಿದ್ದು ಮರೆತುಹೋಗುತ್ತದೆ. ಚರ್ಚ್ ಸ್ಟ್ರೀಟ್ ಎಲ್ಲರೂ ಹೊಗಳುತ್ತಾರೆ, ಜೇಬಿನಲ್ಲಿ ಇನ್ನೂರು ರೂಪಾಯಿ ಇಟ್ಟುಕೊಂಡು ಹೋದವರಿಗೆ ಅಲ್ಲಿ ಕೆಲಸವಿಲ್ಲ. ಪುಸ್ತಕಕ್ಕೆ ಅವೆನ್ಯೂ ರಸ್ತೆಯೇ ಸರಿ, ಚೌಕಾಸಿ ಮಾಡಲು ಬರಬೇಕು.

ಯಾರು ಹೋಗಬಾರದು ಅಂದರೆ, ದಿನಾ ಯಾರಾದರೂ ಕೆಲಸ ಹೇಳಲೇಬೇಕು ಅನ್ನುವವರು. ಇಲ್ಲಿ ಕೇಳಿದರೆ ಮಾತ್ರ ಹೇಳಿಕೊಡುತ್ತಾರೆ, ಕೇಳದಿದ್ದರೆ ಎಂಟು ವಾರ ಎಕ್ಸೆಲ್ ತುಂಬಿಸಿ ಎದ್ದು ಬರುತ್ತೀರಿ. ಮೊಬೈಲ್ ನೋಡುತ್ತಾ ಕೂತರೂ ಯಾರೂ ಬೈಯುವುದಿಲ್ಲ, ನನ್ನ ಜೊತೆ ಇದ್ದ ಇನ್ನೊಬ್ಬ ಹಾಗೇ ಮಾಡಿದ.

ಸರ್ಟಿಫಿಕೇಟ್ ಕಥೆ ಹೇಳಿ ಮುಗಿಸುತ್ತೇನೆ. ಕೊನೆ ವಾರ ಅದಕ್ಕೂ ಒಂದು ಕಡತ ಎದ್ದಿತು, ಟಿಪ್ಪಣಿ ನಾನೇ ಬರೆದೆ, ಮೇಡಂ ಒಂದೂ ಕೆಂಪು ಗೆರೆ ಎಳೆಯದೆ ಮೇಲೆ ಕಳಿಸಿದರು. ನನಗೆ ಅದೇ ಸರ್ಟಿಫಿಕೇಟ್ ಸಿಕ್ಕಷ್ಟು ಖುಷಿ. ನಾಲ್ಕು ದಿನ ಬಿಟ್ಟು ವಾಪಸ್ ಬಂತು, ಸಹಿ ಇರಲಿಲ್ಲ, ಮೂಲೆಯಲ್ಲಿ "ಚರ್ಚಿಸಿ" ಅಂತ ಇತ್ತು. ಮೇಡಂ ಹೋಗಿ ಚರ್ಚಿಸಿದರು. ಹುಡುಗಿ ಎಂಟು ವಾರ ಇದ್ದಳಾ, ನಾನು ನೋಡೇ ಇಲ್ಲವಲ್ಲ ಅಂದರಂತೆ ಸಾಹೇಬರು. ಊರಿಗೆ ಬಂದು ಮೂರು ವಾರದ ಮೇಲೆ ರೆಡಿ ಇದೆ ಅಂತ ಫೋನ್ ಬಂತು, ಸೊನ್ನೆ ಟಿಕೆಟ್ ತಗೊಂಡು ಹೋಗಿ ತಂದೆ. ಗೇಟಿನಲ್ಲಿ ಮತ್ತೆ ಪಾಸ್ ಕೇಳಿದರು.