ಕಾಮಿನೋ ಉಲ್ಟಾ ನಡೆಯೋರಿಗೆ ಓಸ್ಮ್ಯಾಂಡ್ ಆಪ್ ಹೇಗಿದೆ?

ಮೊದ್ಲೇ ಒಂದು ಮಾತು. ಸ್ಪೇನಿನ ಕಾಮಿನೋ ಫ್ರಾನ್ಸೆಸ್ ಯಾತ್ರೆನ ಎಲ್ಲರ ಹಾಗೆ ಯಾತ್ರೆ ಮುಗಿಯೋ ಊರು ಸಾಂತಿಯಾಗೊ ಕಡೆಗೆ ನಡೆಯೋರಿಗೆ ಆಪ್ ಇಲ್ದಿದ್ರೂ ನಡೆಯತ್ತೆ, ಹಳದಿ ಬಾಣ ನೋಡ್ಕೊಂಡು ಹೋಗ್ತಾ ಇದ್ರೆ ಊರು ತಲುಪ್ತೀರ. ಓಸ್ಮ್ಯಾಂಡ್ ಅನ್ನೋ ಮ್ಯಾಪ್ ಆಪ್‌ನ ಈ ರಿವ್ಯೂ ಸಾಂತಿಯಾಗೊದಿಂದ ಹೊರಟು ಪೂರ್ವಕ್ಕೆ, ಫ್ರಾನ್ಸಿನ ಸ್ಯಾಂ ಜಾನ್ ಪಿಯೆ ದ ಪೋರ್ ಕಡೆ ವಾಪಸ್ ನಡೆಯೋರಿಗೆ. ಹೆಚ್ಚುಕಮ್ಮಿ 780 ಕಿಲೋಮೀಟರ್ ದಾರಿ, ಅಷ್ಟರಲ್ಲಿ ಹಳದಿ ಬಾಣ ಎಲ್ಲಾ ನೀವು ಬಂದ ಕಡೆಗೇ ಕೈ ತೋರಿಸ್ತಾ ಇರತ್ತೆ.

ಉಲ್ಟಾ ನಡೆಯೋದಾ, ಅಪ್ರದಕ್ಷಿಣೆ ಹಾಕಿದ ಹಾಗಲ್ವಾ ಅಂತ ಕೇಳೋರು ಇದಾರೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ರೈಲು ವಿಮಾನ ಇಲ್ಲದ ಕಾಲದಲ್ಲಿ ಸಾಂತಿಯಾಗೊ ಮುಟ್ಟಿದ ಯಾತ್ರಿಕರು ಮತ್ತೆ ಮನೆ ಸೇರಬೇಕಲ್ವಾ, ಬಹಳಷ್ಟು ಜನ ಕಾಲ್ನಡಿಗೆಯಲ್ಲೇ ಹಿಂದಿರುಗ್ತಿದ್ರು. ಇವತ್ತು ನಾವು ಅರ್ಧ ಯಾತ್ರೆ ಮಾಡಿ ಬಸ್ ಹತ್ತುತೀವಿ ಅಷ್ಟೇ. ವಾಪಸ್ ನಡಿಗೆನೂ ಯಾತ್ರೆನೇ ಅಂತ ನಾನು ಮನಸಾರೆ ನಂಬ್ತೀನಿ, ಅದಕ್ಕೇ ಇಷ್ಟು ಉದ್ದ ಬರೀತಾ ಇದೀನಿ.

ಬಾಣದ ವಿಷಯ ಅರ್ಥ ಆದ್ರೆ ಮಾತ್ರ ಆಪ್ ಯಾಕೆ ಬೇಕು ಅನ್ನೋದು ಅರ್ಥ ಆಗೋದು. ಈ ಹಳದಿ ಬಾಣಗಳನ್ನ ಶುರು ಮಾಡಿದ್ದು ಒ ಸೆಬ್ರೆರೊ ಅನ್ನೋ ಬೆಟ್ಟದ ಹಳ್ಳಿಯ ಪಾದ್ರಿ ಎಲಿಯಾಸ್ ವಾಲಿನ್ಯಾ, 1984ರಲ್ಲಿ ಬಣ್ಣದ ಡಬ್ಬ ಹಿಡ್ಕೊಂಡು ದಾರಿಯುದ್ದಕ್ಕೂ ಗುರುತು ಹಾಕಿದ ಮಹಾನುಭಾವರು. ಅವರ ಉದ್ದೇಶ ಸ್ಪಷ್ಟ, ಪೂರ್ವದಿಂದ ಬರೋರು ಸಾಂತಿಯಾಗೊ ಸೇರಬೇಕು. ಹಾಗಾಗಿ ಬಾಣ ಇರೋದು ಪೂರ್ವದಿಂದ ಬರೋರ ಕಣ್ಣಿಗೆ ಬೀಳೋ ಮುಖದ ಮೇಲೆ. ಪಶ್ಚಿಮದಿಂದ ಬರೋ ನಿಮಗೆ ಕಾಣೋದು ಕಂಬದ ಬೆನ್ನು, ಮರದ ಬೆನ್ನು, ಗೋಡೆಯ ಖಾಲಿ ಕಡೆ.

ಬಾಣ ಕಾಣದೇ ಇರೋದಾದ್ರೂ ಅಭ್ಯಾಸ ಆಗತ್ತೆ, ಹಿಂದೆ ತಿರುಗಿ ನೋಡಿದ್ರೆ ಆಯ್ತು. ನಿಜವಾದ ತೊಂದರೆ ಬೇರೆ. ಸಾಂತಿಯಾಗೊ ಕಡೆ ಹೋಗುವಾಗ ಎರಡು ದಾರಿ ಬಂದು ಒಂದಾಗೋ ಜಾಗದಲ್ಲಿ ಯಾರೂ ದೊಡ್ಡ ಗುರುತು ಹಾಕಲ್ಲ, ಯಾವ ಕಡೆಯಿಂದ ಬಂದ್ರೂ ಮುಂದೆ ಒಂದೇ ದಾರಿ ತಾನೆ. ಆದ್ರೆ ಅದೇ ಜಾಗ ನಿಮಗೆ ಕವಲು! ಸಾರಿಯಾ ಬಿಟ್ಟು ಪೂರ್ವಕ್ಕೆ ಹೊರಟ ಸ್ವಲ್ಪ ಹೊತ್ತಿಗೆ ಅಗಿಯಾದಾ ಹತ್ರ ಹೀಗೇ ಆಗತ್ತೆ, ಒಂದು ಸಾಮೋಸ್‌ನ ದೊಡ್ಡ ಮಠದ ಕಡೆಯಿಂದ ಬರೋ ದಾರಿ, ಇನ್ನೊಂದು ಸಾನ್ ಶಿಲ್ ಕಡೆಯಿಂದ ಬರೋ ದಾರಿ, ಎರಡೂ ತ್ರಿಯಾಕಸ್ತೇಲಾದಲ್ಲಿ ಬೇರೆಯಾಗಿ ಇಲ್ಲಿ ಸೇರೋದು, ಸಾಮೋಸ್ ದಾರಿ ಕೆಲವು ಕಿಲೋಮೀಟರ್ ಜಾಸ್ತಿ. ಮಠ ನೋಡಬೇಕು ಅಂತ ಇದ್ದವರು ಇಲ್ಲೇ ನಿಂತು ತೀರ್ಮಾನ ಮಾಡಬೇಕು. ಓರ್ಬಿಗೊ ನದಿಯ ಉದ್ದನೆ ಹಳೇ ಸೇತುವೆ ದಾಟಿದ ಮೇಲೂ ಹೀಗೇ, ವಿಯಾರ್ ದೆ ಮಸರಿಫೆ ಕಡೆಗೆ ಹೊಲದ ನಡುವಿನ ದಾರಿ, ಇಲ್ಲಾಂದ್ರೆ ಹೆದ್ದಾರಿ ಪಕ್ಕದ ದಾರಿ. ಮನ್ಸೀಯಾ ದೆ ಲಾಸ್ ಮುಲಾಸ್ ಹತ್ರ ಹಳೇ ರೋಮನ್ ರಸ್ತೆ ಒಂದು ಕಡೆ, ಎಲ್ ಬುರ್ಗೊ ರಾನೆರೊ ಇನ್ನೊಂದು ಕಡೆ.

ಇಂಥ ಕಡೆನೇ ಓಸ್ಮ್ಯಾಂಡ್ ಉಪಯೋಗಕ್ಕೆ ಬರೋದು. ಕಾಮಿನೋಗೆ ಅಂತಲೇ ಮಾಡಿದ ಬೇರೊಂದು ಆಪ್ ಮೊದ್ಲು ಹಾಕಿದ್ದೆ, ಹೆಸರು ಬೇಡ, ಊರಿಂದ ಊರಿಗೆ ದೂರ, ಏರಿಳಿತ, ಮುಂದಿನ ಅಲ್ಬೆರ್ಗೆ (ಯಾತ್ರಿಕರು ತಂಗೋ ಜಾಗ) ಎಲ್ಲಿದೆ ಎಲ್ಲಾ ಚೆನ್ನಾಗೇ ತೋರಿಸ್ತಿತ್ತು, ಆದ್ರೆ ಪಶ್ಚಿಮಕ್ಕೆ ಹೋಗೋರಿಗೆ ಮಾತ್ರ, ತಿರುಗಿಸೋ ದಾರಿನೇ ಇಲ್ಲ. ಪುಸ್ತಕಗಳ ಕಥೆನೂ ಅದೇ, ಚರ್ಚ್ ದಾಟಿ ಎಡಕ್ಕೆ ತಿರುಗಿ ಅಂತ ಬರೆದಿದ್ರೆ ನಾವು ಚರ್ಚ್‌ಗೆ ಮುಂಚೆನೇ ಬಲಕ್ಕೆ ತಿರುಗಬೇಕು, ಪ್ರತಿ ಸಾಲನ್ನೂ ಕೆಳಗಿಂದ ಮೇಲಕ್ಕೆ ಓದ್ಕೊಂಡು ತಲೆಯಲ್ಲೇ ತಿರುಗಿಸಬೇಕು, ಸುಸ್ತಾದ ಹೊತ್ತಲ್ಲಿ ಆಗದ ಕೆಲಸ.

ಓಸ್ಮ್ಯಾಂಡ್ ಕಾಮಿನೋಗೆ ಅಂತ ಮಾಡಿದ್ದಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಜನರೇ ಸೇರಿ ಮಾಡಿದ ಭೂಪಟ ಇದೆಯಲ್ಲ, ಅದನ್ನ ಫೋನಿಗೆ ಇಳಿಸ್ಕೊಂಡು ನೆಟ್ ಇಲ್ಲದೆ ನೋಡೋ ಆಪ್. ನೀವು ಒಂದು ಜಿಪಿಎಕ್ಸ್ ಫೈಲ್, ಅಂದ್ರೆ ದಾರಿಯ ಗೆರೆ ಇರೋ ಫೈಲ್ ಹಾಕಿ ಅದರ ಮೇಲೆ ನ್ಯಾವಿಗೇಶನ್ ಕೊಟ್ರೆ, ಅಲ್ಲೇ ಟ್ರ್ಯಾಕ್‌ನ ದಿಕ್ಕು ತಿರುಗಿಸೋ ಆಯ್ಕೆ ಇದೆ. ಒಂದು ಬಟನ್ ಒತ್ತಿದ್ರೆ ಕೊನೆ ಮೊದಲಾಗತ್ತೆ, ಎಡ ಬಲ ಆಗತ್ತೆ. ನನಗೆ ಇದೊಂದೇ ಫೀಚರ್ ಸಾಕಿತ್ತು, ಇದಕ್ಕೇ ಐದಕ್ಕೆ ಐದು ಕೊಡ್ತೀನಿ.

ಗೆರೆ ಹಾಕ್ಕೊಳ್ಳೋವಾಗ ಸ್ವಲ್ಪ ತಯಾರಿ ಬೇಕು. ವೇಮಾರ್ಕ್ಡ್ ಟ್ರೇಲ್ಸ್ ಸೈಟಿಂದ ಜಿಪಿಎಕ್ಸ್ ಇಳಿಸಬಹುದು, ಆದ್ರೆ ಮುಖ್ಯ ದಾರಿ, ಕವಲು ದಾರಿ ಎಲ್ಲಾ ಒಂದೇ ಫೈಲಲ್ಲಿ ಕಲೆಸಿದ್ರೆ ಗೆರೆ ತುಂಡು ತುಂಡಾಗಿರತ್ತೆ, ಅದನ್ನ ತಿರುಗಿಸಿದಾಗ ಆಪ್ ಗೊಂದಲ ಮಾಡ್ಕೊಳ್ಳತ್ತೆ. ಮುಖ್ಯ ದಾರಿ ಒಂದು ಫೈಲು, ಸಾಮೋಸ್ ಒಂದು, ಮಸರಿಫೆ ಒಂದು ಅಂತ ಬೇರೆ ಬೇರೆ ಇಟ್ಕೊಂಡು ಒಂದೊಂದಕ್ಕೂ ಬೇರೆ ಬಣ್ಣ ಕೊಡಿ, ಕವಲಲ್ಲಿ ನಿಂತಾಗ ಯಾವುದು ಯಾವುದು ಅಂತ ಒಂದು ನೋಟಕ್ಕೇ ತಿಳಿಯತ್ತೆ. ಬೇರೆಯವರು ರೆಕಾರ್ಡ್ ಮಾಡಿದ ಫೈಲಲ್ಲಿ ಇಲ್ಲಿ ಎಡಕ್ಕೆ ಅಂತ ಟಿಪ್ಪಣಿ ಬರೆದಿದ್ರೆ ಅಳಿಸಿಬಿಡಿ, ದಿಕ್ಕು ತಿರುಗಿಸಿದ್ರೂ ಅಕ್ಷರ ತಿರುಗಲ್ಲ. ಪ್ರೊಫೈಲ್ ನಡಿಗೆಗೆ ಇರಲಿ, ಕಾರಿನದ್ದು ಇದ್ರೆ ಊರೊಳಗಿನ ಒನ್ ವೇ ಎಲ್ಲಾ ಲೆಕ್ಕಕ್ಕೆ ತಗೊಂಡು ಎಲ್ಲೆಲ್ಲೋ ಸುತ್ತಿಸತ್ತೆ.

ಆಂಡ್ರಾಯ್ಡ್‌ನಲ್ಲಿ ಫ್ರೀ ಆವೃತ್ತಿಗೆ ಏಳು ಮ್ಯಾಪ್ ಡೌನ್‌ಲೋಡ್ ಅಂತ ಮಿತಿ ಇದೆ. ಗಲೀಸಿಯಾ, ಕಾಸ್ತೀಯಾ ಇ ಲಿಯೋನ್, ಲಾ ರಿಯೋಹಾ, ನವಾರಾ, ಆಮೇಲೆ ಫ್ರಾನ್ಸಿನ ಆ ಮೂಲೆ ಇಷ್ಟಿದ್ರೆ ದಾರಿ ಪೂರ್ತಿ ಬರತ್ತೆ, ಹಾಗಾಗಿ ದುಡ್ಡು ಕೊಡದೇನೂ ನಡೆಯತ್ತೆ. ಸೆಟ್ಟಿಂಗ್ಸ್ ಮೆನು ಮಾತ್ರ ತುಂಬಾ ಉದ್ದ, ಹೊರಡೋಕೆ ಮುಂಚೆ ಮನೆಯಲ್ಲೇ ಕೂತು ನಿಮ್ಮ ಏರಿಯಾದ ಯಾವುದಾದ್ರೂ ರಸ್ತೆ ಮೇಲೆ ತಿರುಗಿಸಿ ನೋಡಿ ಕಲೀರಿ. ಇಲ್ಲಿ ಒಂದು ಸ್ಟಾರ್ ಕಟ್.

ಬ್ಯಾಟರಿ ಬಗ್ಗೆ ಎಲ್ಲರೂ ಕೇಳ್ತಾರೆ. ಫ್ಲೈಟ್ ಮೋಡಲ್ಲೂ ಜಿಪಿಎಸ್ ಕೆಲಸ ಮಾಡತ್ತೆ, ಸ್ಕ್ರೀನ್ ಆಫ್ ಇಟ್ಕೊಳ್ಳಿ, ಕವಲಲ್ಲಿ ಮಾತ್ರ ತೆಗೀರಿ.

ಇಡೀ ದಿನ ಫೋನ್ ನೋಡ್ಕೊಂಡು ನಡೀಬೇಡಿ ಅಂತ ಕೈ ಮುಗಿದು ಕೇಳ್ತೀನಿ. ಕಣ್ಣಿಗೆ ಸಿಗೋ ಗುರುತು ಬೇಕಾದಷ್ಟಿದೆ, ಓದೋ ರೀತಿ ಬೇರೆ ಅಷ್ಟೇ. ಕವಲಲ್ಲಿ ಅನುಮಾನ ಬಂದ್ರೆ ಒಂದು ದಾರಿಯಲ್ಲಿ ಹತ್ತಿಪ್ಪತ್ತು ಹೆಜ್ಜೆ ಹೋಗಿ ಹಿಂದೆ ತಿರುಗಿ ನಿಲ್ಲಿ, ಈಗ ನೀವು ಸಾಂತಿಯಾಗೊಗೆ ಹೋಗೋ ಯಾತ್ರಿಕರ ಕಣ್ಣಲ್ಲಿ ಆ ಕವಲನ್ನ ನೋಡ್ತಾ ಇದೀರ. ಕಂಬದ ಮೇಲೋ, ಕಲ್ಲಿನ ಮೇಲೋ, ಮೋರಿಯ ಅಂಚಲ್ಲೋ ಹಳದಿ ಕಂಡ್ರೆ ಅದೇ ದಾರಿ, ಇಲ್ಲಾಂದ್ರೆ ಇನ್ನೊಂದರಲ್ಲಿ ಹೋಗಿ ಹೀಗೇ ನೋಡಿ. ಗಲೀಸಿಯಾದಲ್ಲಿ ಈ ಯಾತ್ರೆಯ ಲಾಂಛನವಾದ ಚಿಪ್ಪಿನ ಗುರುತಿನ ಮೈಲಿಗಲ್ಲು ಇದೆ, ಸಾಂತಿಯಾಗೊಗೆ ಎಷ್ಟು ದೂರ ಉಳೀತು ಅಂತ ಕಿಲೋಮೀಟರ್ ಬರೆದಿರತ್ತೆ. ಬೆನ್ನು ದಾಟಿ ಹೋಗಿ ತಿರುಗಿ ಓದಿ, ಹಿಂದಿನ ಕಲ್ಲಿಗಿಂತ ಸಂಖ್ಯೆ ಜಾಸ್ತಿ ಇದ್ರೆ ಸರಿಯಾದ ದಾರಿಯಲ್ಲೇ ಇದೀರ.

ಎದುರಿಗೆ ಬರೋ ಜನನೂ ಗುರುತೇ. ಬೆಳಗ್ಗೆ ಹೊತ್ತು ಬೆನ್ನಿಗೆ ಚೀಲ ಹಾಕ್ಕೊಂಡು ಸಾಲು ಸಾಲಾಗಿ ಬರ್ತಾ ಇರ್ತಾರೆ, ಅದರಲ್ಲೂ ಸಾರಿಯಾ ಸಾಂತಿಯಾಗೊ ನಡುವೆ ಜಾತ್ರೆ ಜನ, ಯಾಕಂದ್ರೆ ಕಾಂಪೊಸ್ತೆಲಾ ಪ್ರಮಾಣಪತ್ರಕ್ಕೆ ಕೊನೇ 100 ಕಿಲೋಮೀಟರ್ ನಡೆದಿದ್ರೆ ಸಾಕು. ಅವರು ಬರ್ತಿರೋ ಕಡೆಗೆ ನೀವು ಹೋದ್ರೆ ಆಯ್ತು, ಆದ್ರೆ ಕವಲು ಇರೋ ಕಡೆ ಎರಡೂ ದಾರಿಯಿಂದ ಜನ ಬರ್ತಾರೆ, ಮಧ್ಯಾಹ್ನ ಕಳೆದ ಮೇಲೆ ಯಾರೂ ಬರಲ್ಲ, ಆಗ ನಿಮ್ಮ ಗೆರೆ ನಿಮಗೆ. ದಾರಿಯುದ್ದಕ್ಕೂ ನಿಲ್ಲಿಸಿ ಸಾಂತಿಯಾಗೊ ಆ ಕಡೆ ಅಂತ ಹೇಳ್ತಾರೆ, ಹಳ್ಳಿಯ ಅಜ್ಜಿಯರಂತೂ ಕೈ ಹಿಡಿದೇ ತಿರುಗಿಸ್ತಾರೆ, ಕಾಳಜಿಯಿಂದ ಹೇಳೋದು, ನಗುನಗುತ್ತಾ ವಾಪಸ್ ಹೋಗ್ತಿದೀನಿ ಅಂತ ಹೇಳಿ ಮುಂದೆ ಹೋಗಿ.

ಬೆಳಗ್ಗೆ ಬಿಸಿಲು ಸೀದಾ ಮುಖಕ್ಕೆ ಹೊಡೆಯತ್ತೆ, ಅವರಿಗೆ ಬೆನ್ನಿಗೆ ಬೀಳೋದು ನಮಗೆ ಕಣ್ಣಿಗೆ. ಅಂಚಿರೋ ಟೋಪಿ ಇರಲೇಬೇಕು, ಫೋನ್ ಸ್ಕ್ರೀನ್ ನೋಡೋವಾಗ ಸೂರ್ಯನಿಗೆ ಬೆನ್ನು ಮಾಡಿ ಸ್ವಂತ ನೆರಳಲ್ಲಿ ಹಿಡ್ಕೊಂಡು ನೋಡಿ. ಏರಿಳಿತದ ಲೆಕ್ಕನೂ ಅದಲು ಬದಲು, ಎಲ್ಲರೂ ಮೊಣಕಾಲು ಹಿಡ್ಕೊಂಡು ಇಳಿಯೋ, ಬೆಟ್ಟದ ಮೇಲಿನ ಕಬ್ಬಿಣದ ಶಿಲುಬೆ ಕ್ರೂಸ್ ದೆ ಫೆರ್ರೊದ ಇಳಿಜಾರು ನಿಮಗೆ ಮೊಲಿನಾಸೆಕಾದಿಂದ ಹೆಚ್ಚುಕಮ್ಮಿ 900 ಮೀಟರ್ ಏರು, ಆ ದಿನ ಬೇಗ ಹೊರಡಿ.

ನಗರಗಳಲ್ಲಿ ಓಸ್ಮ್ಯಾಂಡ್‌ನ ಕಣ್ಣು ಮುಚ್ಚಿ ನಂಬಬಹುದು. ಲಿಯೋನ್, ಬುರ್ಗೋಸ್‌ನಂಥ ಊರಲ್ಲಿ ಕಾಲ್ದಾರಿ ಮೇಲೆ ಚಿಪ್ಪಿನ ಗುರುತು ಅಲ್ಲಲ್ಲಿ ಇರತ್ತೆ, ಜನಸಂದಣಿಯಲ್ಲಿ ಹುಡುಕ್ತಾ ನಿಲ್ಲೋದಕ್ಕಿಂತ ಗೆರೆ ಹಿಡಿದು ಊರಾಚೆ ಬರೋದೇ ವಾಸಿ.

ಕೊನೇ ಹಂತದಲ್ಲಿ ಮಾತ್ರ ಆಪ್ ಕೆಲಸ ಕಮ್ಮಿ. ರಾನ್ಸೆಸ್ವಯೆಸ್‌ನಿಂದ ಪಿರೆನೀಸ್ ದಾಟೋ ಬೆಟ್ಟದ ದಾರಿ ಜಿಆರ್ 65 ಅನ್ನೋ ಫ್ರಾನ್ಸಿನ ಉದ್ದನೆ ಕಾಲ್ನಡಿಗೆ ದಾರಿ ಕೂಡ ಹೌದು, ಕೆಂಪು ಬಿಳಿ ಪಟ್ಟಿಯ ಆ ಗುರುತು ಎರಡೂ ದಿಕ್ಕಿನವರಿಗೂ ಹಾಕಿರೋದು, ಅಷ್ಟು ದಿನ ಕಂಬದ ಬೆನ್ನನ್ನೇ ನೋಡಿದ ಕಣ್ಣಿಗೆ ಅದು ಎಷ್ಟು ಹಿತ ಅಂತ ನಡೆದವರಿಗೇ ಗೊತ್ತು. ಆದ್ರೆ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಆ ಬೆಟ್ಟದ ದಾರಿ ಬಂದ್, ಹಿಮದ ಅಪಾಯ. ನಿಮ್ಮ ಗೆರೆ ಬೆಟ್ಟದ ಮೇಲೇ ಹೋಗ್ತಾ ಇರತ್ತೆ, ಹಾಗಾಗಿ ಚಳಿಗಾಲದಲ್ಲಿ ಹೋಗೋರು ವಾಲ್ಕಾರ್ಲೋಸ್ ಕಣಿವೆ ದಾರಿಯ ಫೈಲ್ ಬೇರೆ ಹಾಕ್ಕೊಂಡೇ ಹೊರಡಿ.